ಬೀಗದ ಕೈ ಯಾರ ಹತ್ರ?

ಭಾನುವಾರ ಸಂಜೆ ನಾವು ನಾಲ್ಕು ಜನ ಮಿರ್ಚಿ ಅಂಗಡಿ ಬೆಂಚಿನ ಮೇಲೆ ಕೂತೆವೆಂದರೆ ಊರಿನ ಯಾವುದಾದರೂ ಒಂದು ಸಮಸ್ಯೆಗೆ ಗ್ರಹಚಾರ ಶುರು. ಬಗೆಹರಿಸಿದ್ದು ಮಾತ್ರ ಒಂದೂ ಇಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ, ಮಿರ್ಚಿ ಸಿಗುವ ತನಕ ಯಾರಿಗೇನು ಅವಸರ?

ಆವತ್ತು ಮಾತು ತೆಗೆದವರು ಟೈಲರಕ್ಕ. ಅವರ ಅಂಗಡಿ ಇರುವುದು ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ.

"ನಮ್ಮ ಓಣಿ ಹುಡುಗರು ಏನು ಓದ್ತಾವೆ ಗೊತ್ತೇನ್ರೀ? ಮಿರ್ಚಿ ಕಟ್ಟಿದ ಪೇಪರ್! ನಿನ್ನೆ ಒಬ್ಬಳು ಮಿರ್ಚಿ ತಿಂದು ಪೇಪರ್ ಬಿಡಿಸಿ ಓದೋಕೆ ಕೂತಳು. ಎಣ್ಣೆ ಇಳಿದು ಹಿಂದಿನ ಪುಟದ ಅಕ್ಷರವೂ ಮುಂದೆ ಬಂದಿತ್ತು. ಆದರೂ ಬಿಡಲಿಲ್ಲ. ಓದಿ ಮುಗಿಸಿ, 'ಅಕ್ಕಾ, ಉಳಿದದ್ದು ಎಲ್ಲಿದೆ?' ಅಂದಳು. ಎಲ್ಲಿದೆ ಅಂತ ಹೇಳಲಿ? ಇನ್ಯಾರದೋ ಮಿರ್ಚಿ ಕಟ್ಟೋಕೆ ಹೋಗಿತ್ತು."

"ಹಂಗಾದ್ರೆ ಆ ಓಣಿಯಲ್ಲಿ ಮಕ್ಕಳಿಗೆ ಒಂದು ಲೈಬ್ರರಿ ಮಾಡೇ ಬಿಡೋಣ" ಎಂದೆ ನಾನು. ಬಾಯಲ್ಲಿ ಮಿರ್ಚಿ ಇದ್ದಾಗ ನನಗೆ ಧೈರ್ಯ ಜಾಸ್ತಿ.

"ಬ್ಯಾನರ್ ನಂದು" ಎಂದ ಪ್ರೆಸ್ಸಣ್ಣ. ಅವನಿಗೆ ಪ್ರಿಂಟಿಂಗ್ ಪ್ರೆಸ್ ಇದೆ. ಮಾರನೇ ದಿನ ಡಿಸೈನ್ ತಂದ. ಫ್ಲೆಕ್ಸ್ ಮೇಲೆ ಹನ್ನೊಂದು ಜನರ ಮುಖ ಕೈಮುಗಿದು ನಗುತ್ತಿತ್ತು. ಲೈಬ್ರರಿ ಅನ್ನುವ ಪದ ಕೆಳಗೆ ಮೂಲೆಯಲ್ಲಿ, ಪ್ರೆಸ್ಸಿನ ಫೋನ್ ನಂಬರಿನ ಪಕ್ಕದಲ್ಲಿತ್ತು.

ಜಾಗದ ಚಿಂತೆ ಬೇಗ ತೀರಿತು. ಭಟ್ಟಿಯವರೊಬ್ಬರು ಭತ್ತದ ಚೀಲ ಇಡುತ್ತಿದ್ದ ಕೋಣೆ ಬಿಟ್ಟುಕೊಟ್ಟರು. ಕಷ್ಟ ಶುರುವಾಗಿದ್ದು ನಮ್ಮ ಮೇಷ್ಟ್ರಿಂದ. ರಿಟೈರ್ ಆದ ಗಣಿತದ ಮೇಷ್ಟ್ರು, ಇಪ್ಪತ್ತೆರಡು ನಿಯಮ ಬರೆದು ತಂದರು. ನಾಲ್ಕನೆಯದು, ಸದ್ದು ಮಾಡಬಾರದು. ಪಕ್ಕದಲ್ಲೇ ಕಾದ ಮರಳಲ್ಲಿ ಅಕ್ಕಿ ಬೆಳಗಿನಿಂದ ಚಟಪಟ ಅನ್ನುತ್ತಿರುತ್ತದೆ. ಅದಕ್ಕೆ ಯಾರು ಹೇಳಬೇಕು?

"ಮೇಷ್ಟ್ರೇ, ಎಸ್. ಆರ್. ರಂಗನಾಥನ್ ಅಂತ ಇದ್ದರಲ್ಲ, ನಮ್ಮ ದೇಶಕ್ಕೆ ಲೈಬ್ರರಿ ವಿದ್ಯೆ ಕಲಿಸಿದವರು, ಅವರೂ ನಿಮ್ಮ ಹಾಗೆ ಗಣಿತದ ಮೇಷ್ಟ್ರೇ" ಎಂದೆ.

ಮೇಷ್ಟ್ರು ನೆಟ್ಟಗೆ ಕೂತರು.

"1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಸೇರಿದರು. ವಾರದೊಳಗೇ ಬೇಜಾರಾಗಿ, ನನ್ನನ್ನು ಪಾಠಕ್ಕೇ ಕಳಿಸಿ ಅಂತ ಹಟ ಹಿಡಿದರಂತೆ. ಆಮೇಲೆ ಲಂಡನ್‌ಗೆ ಹೋಗಿ ಕಲಿತು ಬಂದರು. 1931ರಲ್ಲಿ ಲೈಬ್ರರಿಗೆ ಸೂತ್ರ ಬರೆದರು. ಎಷ್ಟು ಗೊತ್ತಾ? ಬರೀ ಐದು. ಮೊದಲನೆಯದೇ, ಪುಸ್ತಕ ಇರುವುದು ಬಳಸೋದಕ್ಕೆ."

"ಬಳಸಲಿ, ಬೇಡ ಅಂದವರು ಯಾರು?" ಎಂದರು ಮೇಷ್ಟ್ರು. "ಮುಟ್ಟಬಾರದು, ಅಷ್ಟೇ."

ಪುಸ್ತಕಕ್ಕೆ ಪಟ್ಟಿ ಎತ್ತಿದೆವು. ದುಗ್ಗಮ್ಮನ ಜಾತ್ರೆಗೆ ಐನೂರು ಬರೆಸುವ ಮನೆಯವರು ಲೈಬ್ರರಿಗೆ ಅಂದ ಕೂಡಲೇ ಅಟ್ಟ ಹತ್ತಿದರು. ವಾರದಲ್ಲಿ ಒಂದು ಕ್ವಿಂಟಲ್ ಬಂತು. ಹಳೇ ಪಂಚಾಂಗ, ಪಿಯುಸಿ ಗೈಡು, ಕಾಸ್ಟ್ ಅಕೌಂಟಿಂಗ್ ಎರಡನೇ ಭಾಗ (ಮೊದಲನೆಯದು ಇಲ್ಲ), ಕೆಟ್ಟ ಮಿಕ್ಸಿಯ ಗ್ಯಾರಂಟಿ ಪುಸ್ತಕ. ಮೇಷ್ಟ್ರು ತಮ್ಮ ಬೀಜಗಣಿತದ ಗೈಡುಗಳನ್ನೂ ತ್ಯಾಗ ಮಾಡಿದ್ದರು. ಮಕ್ಕಳು ಓದುವಂಥವು ಒಂಬತ್ತೇ ಒಂಬತ್ತು.

"ದಾನ ಅಲ್ಲ ಇದು, ದೀಪಾವಳಿ ಕ್ಲೀನಿಂಗು" ಎಂದರು ಟೈಲರಕ್ಕ. ಉಳಿದದ್ದನ್ನು ರದ್ದಿಗೆ ಹಾಕಿದೆವು. 1,200 ರೂಪಾಯಿ ಬಂತು.

"ಸರ್ಕಾರ ಕೊಡಲ್ವಾ?" ಎಂದ ಪ್ರೆಸ್ಸಣ್ಣ.

"ಮನೆ ಕಂದಾಯದ ರಶೀದಿ ನೋಡಿದ್ದೀಯಾ? 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ನೂರಕ್ಕೆ ಆರು ರೂಪಾಯಿ ಲೈಬ್ರರಿ ಸೆಸ್ ಅಂತ ಕಟ್ಟುತ್ತಿದ್ದೀಯ" ಎಂದೆ ನಾನು.

"ನಾನಾ? ಹಂಗಾದ್ರೆ ಬ್ಯಾನರಿನಲ್ಲಿ ನನ್ನ ಫೋಟೋ ದೊಡ್ಡದು ಮಾಡಬಹುದು."

ಅವನ ಬಾಯಿ ಮುಚ್ಚಿಸಿದ್ದು ಸ್ಟೋರಿವೀವರ್. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಮಕ್ಕಳ ಕತೆಗಳ ವೆಬ್‌ಸೈಟು. ಕನ್ನಡದಲ್ಲೂ ಚಿತ್ರದ ಕತೆಗಳಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಯಾರು ಬೇಕಾದರೂ ಪ್ರಿಂಟ್ ಮಾಡಬಹುದು. "ಕಾಪಿರೈಟ್ ಕೇಸ್ ಆಗುತ್ತೆ" ಎಂದು ಪ್ರೆಸ್ಸಣ್ಣ ಎರಡು ದಿನ ತಪ್ಪಿಸಿಕೊಂಡು ತಿರುಗಿದ. ಕೊನೆಗೆ ಮದುವೆ ಕಾರ್ಡಿನಲ್ಲಿ ಉಳಿದ ಕಾಗದದ ಮೇಲೆ ಪ್ರಿಂಟ್ ಮಾಡಿಕೊಟ್ಟ. ಒಂದು ಆನೆ ಕತೆಯ ರಟ್ಟಿನ ಹಿಂದೆ ಇವತ್ತಿಗೂ 'ತಮ್ಮ ಸುಖಾಗಮನ ಬಯಸುವ' ಅಂತ ಇದೆ. ಅದೂ ಇದೂ ಸೇರಿ 140 ಪುಸ್ತಕ ಆದವು.

ಇಡೋದು ಎಲ್ಲಿ? ಮೇಷ್ಟ್ರು ಆರೂವರೆ ಅಡಿ ಉಕ್ಕಿನ ಬೀರು ತರಿಸಿದರು. ಮೇಲಿನ ಎರಡು ಅರೆ ನನಗೇ ಸರಿಯಾಗಿ ಎಟುಕುವುದಿಲ್ಲ. ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ. ಮೂರನೇ ದಿನ ಅವರು ಜೇಬಿನ ಸಮೇತ ಹರಿಹರಕ್ಕೆ ಗೃಹಪ್ರವೇಶಕ್ಕೆ ಹೋದರು. ಸಂಜೆ ಬಂದು ನೋಡಿದರೆ ಹುಡುಗರೆಲ್ಲ ಮುಚ್ಚಿದ ಬೀರುವಿನ ಮುಂದೆ ಸಾಲಾಗಿ ಕೂತಿದ್ದರು. ಒಬ್ಬ ಬಾಗಿಲಿಗೆ ಅಂಟಿಸಿದ್ದ ಕಂಪನಿ ಸ್ಟಿಕ್ಕರನ್ನು ಜೋರಾಗಿ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು. ಮೇಷ್ಟ್ರು ಏನೂ ಮಾತಾಡದೆ ಬೀರು ತೆಗೆದರು.

ಮಾರನೇ ದಿನ ಬೀಗದ ಕೈ ಕಳೆದುಹೋಯಿತು. "ಎಲ್ಲೋ ಬಿತ್ತು" ಎಂದರು. ಬೀರು ತೆರೆದದ್ದು ತೆರೆದ ಹಾಗೇ ಉಳಿಯಿತು. ಚಿಕ್ಕ ಮಕ್ಕಳಿಗೆಂದು ಟೈಲರಕ್ಕ ಗೋಡೆಗೆ ದಾರ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಪುಸ್ತಕ ನೇತುಹಾಕಿದರು. ಮುಖಪುಟ ಕಾಣುವುದರಿಂದ ಓದು ಬಾರದವೂ ಚಿತ್ರ ನೋಡಿ ಆರಿಸುತ್ತವೆ. ಬೆನ್ನು ಕಿತ್ತುಹೋದ ಪುಸ್ತಕ ಅವರ ಮಿಷನ್ ಮೇಲೇ ಹೋಗುತ್ತದೆ, ಆ ದಿನ ಯಾರ ರವಿಕೆಯ ದಾರ ಇದೆಯೋ ಆ ಬಣ್ಣದ ಹೊಲಿಗೆ. ಆನೆ ಕತೆಗೆ ಗಿಣಿಹಸಿರು ಹೊಲಿಗೆ ಬಿದ್ದಿದೆ. ಕೊನೇ ಹಾಳೆ ತಲೆಕೆಳಗಾಗಿದೆ. ಅಲ್ಲಿಗೆ ಬಂದಾಗ ಮಕ್ಕಳು ಪುಸ್ತಕ ತಿರುಗಿಸಿಕೊಂಡು ಮುಂದುವರಿಯುತ್ತವೆ, ಇದೂ ಕತೆಯದೇ ಭಾಗ ಅನ್ನುವ ಹಾಗೆ.

ಮೂರು ತಿಂಗಳಿಗೆ ಎಣಿಸಿದರೆ ಹನ್ನೊಂದು ಪುಸ್ತಕ ವಾಪಸ್ ಬಂದಿರಲಿಲ್ಲ.

"ಕಳ್ಳತನ!" ಎಂದ ಪ್ರೆಸ್ಸಣ್ಣ.

"ನೂರಕ್ಕೆ 7.86" ಎಂದರು ಮೇಷ್ಟ್ರು.

"ಸೇರಲ್ಲಿ ಮಂಡಕ್ಕಿ ಅಳೆಯುವಾಗ ನೆಲಕ್ಕೆ ಚೆಲ್ಲೋದೇ ಅದಕ್ಕಿಂತ ಜಾಸ್ತಿ, ಸುಮ್ನಿರ್ರಿ" ಎಂದರು ಟೈಲರಕ್ಕ.

ಮೊನ್ನೆ ಭಾನುವಾರ ಮತ್ತೆ ಅದೇ ಬೆಂಚು. ಮಿರ್ಚಿ ಬಂತು. ಕಟ್ಟಿದ ಕಾಗದದ ಮೇಲೆ ವರ್ಗ ಸಮೀಕರಣ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮೇಷ್ಟ್ರದೇ ಅಕ್ಷರ. ಅವರು ತ್ಯಾಗ ಮಾಡಿದ ಗೈಡು ರದ್ದಿ ಅಂಗಡಿ ಸುತ್ತಿ ಮನೆಗೆ ಬಂದಿತ್ತು! ನಾವು ನಗುವಷ್ಟರಲ್ಲಿ ಆ ಹುಡುಗಿ ಎಲ್ಲಿಂದಲೋ ಬಂದು ಮೇಷ್ಟ್ರ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಜ್ಜಾ, ಈ ಲೆಕ್ಕದ್ದು ಉಳಿದದ್ದು ಎಲ್ಲಿದೆ?"

ಮೇಷ್ಟ್ರು ಮಿರ್ಚಿ ಪಕ್ಕಕ್ಕೆ ಸರಿಸಿ ಜೇಬಿಗೆ ಕೈ ಹಾಕಿದರು. ಪೆನ್ನಿನ ಜೊತೆ ಬೀರುವಿನ ಬೀಗದ ಕೈಯೂ ಈಚೆ ಬಂತು. ಗಡಿಬಿಡಿಯಲ್ಲಿ ಅದನ್ನು ಮತ್ತೆ ಒಳಗೆ ತುರುಕಿದರು. ನಾವು ಮೂವರೂ ನೋಡದವರ ಹಾಗೆ ಮಿರ್ಚಿ ತಿಂದೆವು.