ಬ್ರಾಡ್‌ಸ್ಟ್ರೀಟೋ, ಬ್ರ್ಯಾಡ್‌ಸ್ಟ್ರೀಟೋ?

ಗೆಳೆಯರೇ, ಒಂದು ಮನೆತನದ ಹೆಸರಿನ ವಿಚಾರ. ಆ್ಯನ್ ಬ್ರ್ಯಾಡ್‌ಸ್ಟ್ರೀಟ್ ಅವರ ಕೆಲವು ಕವಿತೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. 1630ರಲ್ಲಿ ಗಂಡ, ಅಪ್ಪ, ಅಮ್ಮನ ಜೊತೆ ಇಂಗ್ಲೆಂಡ್ ಬಿಟ್ಟು ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿಗೆ ಹೋದವರು. ಎಂಟು ಮಕ್ಕಳನ್ನು ಸಾಕುತ್ತಾ ಬರೆದವರು.

ನಾನು ಮೊದಲು ‘ಬ್ರಾಡ್‌ಸ್ಟ್ರೀಟ್’ ಅಂತಲೇ ಬರೆದಿದ್ದೆ. ಓದಿದ ಗೆಳತಿ, “ಇದು ಬ್ರಾಡ್‌ಗೇಜ್‌ನ ಬ್ರಾಡಾ?” ಅಂದಳು. ಈಗಿನ ಉಚ್ಚಾರದಲ್ಲಿ ಅಲ್ಲ, ಅರ್ಥದಲ್ಲಿ ಹೌದು. ಅಗಲ ಅನ್ನುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಇದ್ದದ್ದು ದೀರ್ಘದ ‘ಬ್ರಾಡ್’. ಜೋಡುಪದದಲ್ಲಿ ಆ ದೀರ್ಘ ಕುಗ್ಗಿತು. ಬ್ರ್ಯಾಡ್‌ಫರ್ಡ್, ಬ್ರ್ಯಾಡ್ಲಿ ಹೆಸರುಗಳಲ್ಲೂ ಹೀಗೇ ಆಗಿದೆ. ಇನ್ನು ‘ಸ್ಟ್ರೀಟ್’ ಬಂದದ್ದು ಲ್ಯಾಟಿನ್ನಿನ ‘ಸ್ಟ್ರಾಟ’ದಿಂದ, ಅಂದರೆ ಕಲ್ಲು ಹಾಸಿದ ದಾರಿ. ಇಂಗ್ಲೆಂಡಿನ ಹಳೆಯ ಊರಹೆಸರುಗಳಲ್ಲಿ ಅದು ಹೆಚ್ಚಾಗಿ ರೋಮನ್ನರು ಹಾಕಿದ ರಸ್ತೆ. ಸ್ಟ್ರ್ಯಾಟ್‌ಫರ್ಡ್ ಅಂದರೆ ಆ ರಸ್ತೆ ಹೊಳೆ ದಾಟುವ ಜಾಗ. ಹಾಗಾಗಿ ಈ ಹೆಸರಿನಲ್ಲಿರುವುದು ಅಂಗಡಿಬೀದಿಯಲ್ಲ, ನಮ್ಮ ‘ಹೆದ್ದಾರಿ’ಗೆ ಹತ್ತಿರದ್ದು. ನಾನಂತೂ ‘ಬ್ರ್ಯಾ’ ಅಂತಲೇ ಇಟ್ಟುಕೊಂಡಿದ್ದೇನೆ. ‘ಆ್ಯನ್’ ಕೂಡ ಹಾಗೇ. ‘ಆನ್’ ಅಂತ ಬರೆದರೆ ಹಳಗನ್ನಡ ಓದಿದವರಿಗೆ ‘ನಾನು’ ಅಂತ ಕೇಳಿಸುತ್ತದೆ, ಅಲ್ವಾ?

ತೊಡಕು ಇರುವುದು ಇನ್ನೊಂದು ಕಡೆ. ಹುಟ್ಟಿದ ಮನೆಯಲ್ಲಿ ಅವರು ಡಡ್ಲಿ. ಬ್ರ್ಯಾಡ್‌ಸ್ಟ್ರೀಟ್ ಗಂಡ ಸೈಮನ್ ಕಡೆಯ ಹೆಸರು. ಅಪ್ಪ ಥಾಮಸ್ ಡಡ್ಲಿ, ಗಂಡ ಸೈಮನ್ ಇಬ್ಬರೂ ಆ ವಸಾಹತಿನ ಗವರ್ನರ್ ಆದವರು. ನನ್ನ ಟಿಪ್ಪಣಿಯಲ್ಲಿ ಒಂದು ವಾಕ್ಯ ಹೀಗೆ ಬಂದಿತ್ತು: “ಬ್ರ್ಯಾಡ್‌ಸ್ಟ್ರೀಟ್ ಕೆಲಸದ ಮೇಲೆ ದೂರ ಹೋಗಿದ್ದಾಗ ಬ್ರ್ಯಾಡ್‌ಸ್ಟ್ರೀಟ್ ಬರೆದ ಕವಿತೆ.” ಯಾರು ಹೋದರು, ಯಾರು ಬರೆದರು? ಈಗ ಸುಮ್ನೆ ‘ಆ್ಯನ್’, ‘ಸೈಮನ್’ ಅಂತ ತಿದ್ದಿದ್ದೇನೆ. ಕವಿಯನ್ನು ಸ್ವಂತ ಹೆಸರಿನಿಂದ ಕರೆಯುವುದು ನಮಗೆ ಹೊಸದೂ ಅಲ್ಲ. ಅಕ್ಕಮಹಾದೇವಿಗೆ ಯಾವ ಮನೆತನದ ಹೆಸರು ಬೇಕಾಯಿತು?

1650ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ್ಯನ್ ಅವರ ಪುಸ್ತಕದ ಮುಖಪುಟದಲ್ಲಿ ಡಡ್ಲಿ, ಬ್ರ್ಯಾಡ್‌ಸ್ಟ್ರೀಟ್ ಎರಡು ಹೆಸರೂ ಇರಲಿಲ್ಲ. ‘ಆ ಕಡೆಯ ಒಬ್ಬ ಜಂಟಲ್‌ವುಮನ್’ ಬರೆದದ್ದು ಅಂತ ಅಷ್ಟೇ ಇತ್ತು. ಆ ಪದಕ್ಕೆ ‘ಕುಲೀನೆ’ ಅಂದರೆ ತೀರಾ ಗ್ರಾಂಥಿಕ. ‘ಗರತಿ’ ಅಂದರೆ ನಡತೆಯ ಮಾತೇ ಜಾಸ್ತಿಯಾಗುತ್ತದೆ. ‘ದೊಡ್ಡ ಮನೆತನದ ಹೆಣ್ಣುಮಗಳು’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.