ಕ್ಯಾಥೆಟರ್ ಪ್ಯಾಕೆಟ್‌ಗೆ ಒಂದು ಬದಿ ಕಾಗದ ಯಾಕೆ?

ಕುಮಟಾದವ:
ಅಮ್ಮನಿಗೆ ತಂದಿಟ್ಟ ಕ್ಯಾಥೆಟರ್ (ದೇಹದೊಳಗೆ ಹಾಕುವ ತೆಳು ನಳಿಕೆ) ಪ್ಯಾಕೆಟ್ ಒಂದು ಬದಿ ಪ್ಲಾಸ್ಟಿಕ್, ಇನ್ನೊಂದು ಬದಿ ಬಿಳಿ ಕಾಗದದ ಹಾಗಿದೆ. ಈ ಮಳೆಗೆ ನಮ್ಮ ಕಪಾಟಿನಲ್ಲಿ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ಪೂರ್ತಿ ಪ್ಲಾಸ್ಟಿಕ್ಕೇ ಹಾಕಬಹುದಿತ್ತಲ್ವಾ?

ಶಿರಸಿ ನರ್ಸ್:
ಹಾಗೆ ಮಾಡಿದರೆ ಒಳಗಿನ ಕ್ರಿಮಿ ಸಾಯುವುದು ಹೇಗೆ ತಮ್ಮಾ? ಅಂಟಿಸಿ ಮುಚ್ಚಿದ ಮೇಲೆ ಎಥಿಲೀನ್ ಆಕ್ಸೈಡ್ ಗ್ಯಾಸ್ ಹಾಯಿಸುತ್ತಾರೆ, ಅದು ಆ ಬಿಳಿ ಬದಿಯಿಂದಲೇ ಒಳಹೋಗಿ ಕೆಲಸ ಮುಗಿಸಿ ಅಲ್ಲಿಂದಲೇ ಹೊರಬರಬೇಕು. ಗ್ಯಾಸ್ ದಾಟುತ್ತದೆ, ಬ್ಯಾಕ್ಟೀರಿಯಾ ದಾಟುವುದಿಲ್ಲ.

ಕಾರವಾರ ಮೆಡಿಕಲ್:
ಬಳಸಿದ ಪ್ಯಾಕೆಟ್ ಇದ್ದರೆ ಬಿಳಿ ಬದಿ ಹರಿದು ನೋಡಿ. ಸುಲಭವಾಗಿ ಹರಿದರೆ ಕಾಗದ. ಎಷ್ಟು ಎಳೆದರೂ ಜಗ್ಗದಿದ್ದರೆ ಟೈವೆಕ್, ಅಂದರೆ ಸಣ್ಣ ಪಾಲಿಥೀನ್ ಎಳೆಗಳನ್ನು ಬಿಸಿ ಕೊಟ್ಟು ಒತ್ತಿದ್ದು. 1955ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಲ್ಯಾಬಿನ ಒಂದು ಪೈಪಿನಿಂದ ಬಿಳಿ ನಾರು ಹೊರಬರುವುದನ್ನು ಅಲ್ಲಿನವರೊಬ್ಬರು ನೋಡಿದರು, ಅಲ್ಲಿಂದ ಶುರು. ಸುಮ್ನೆ ಕಣ್ಣಿಗೆ ಬಿದ್ದದ್ದು ಅಷ್ಟೇ!

ಕುಮಟಾದವ:
ಪ್ಯಾಕೆಟ್ ಮೇಲೆ ಗುರುತಿಗೆ ಹಾಕಿದ ಚುಕ್ಕೆ ಬಣ್ಣ ಬದಲಾಗಿದ್ದರೆ ಧೈರ್ಯವಾಗಿ ಬಳಸಬಹುದಾ?

ಶಿರಸಿ ನರ್ಸ್:
ಗ್ಯಾಸ್ ತಾಗಿದೆ ಅಂತಷ್ಟೇ ಅದರ ಅರ್ಥ. ಒದ್ದೆಯಾಗಿದ್ದರೆ, ಅಂಚು ಬಿಟ್ಟಿದ್ದರೆ ಡೇಟ್ ಎಷ್ಟೇ ಇರಲಿ, ಬೇಡ. ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಇಡಿ. ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಡುವವರೇ ಜಾಸ್ತಿ, ಮಡಿಕೆ ಬಿದ್ದಲ್ಲೇ ಸಣ್ಣ ತೂತಾಗುತ್ತದೆ.