ಉಬುಂಟು 24.04 ಹಾಕಿದ ಮೇಲೆ ಹಳೆಯ ಪೋಸ್ಟ್‌ಗ್ರೆಸ್ 14 ಡೇಟಾ ತೆರೆಯುತ್ತಿಲ್ಲ

ಪ್ರಶ್ನೆ
ಉಬುಂಟು 22.04 ಮತ್ತು ಪೋಸ್ಟ್‌ಗ್ರೆಸ್ 14 ಡೇಟಾಬೇಸ್ ಇದ್ದ ಡಿಸ್ಕ್ ತೆಗೆದಿಟ್ಟು ಹೊಸ ಎಸ್‌ಎಸ್‌ಡಿಗೆ 24.04 ಹಾಕಿದ್ದೇನೆ. ಡಂಪ್ (ಡೇಟಾಬೇಸಿನಿಂದ ಹೊರತೆಗೆದ ಬ್ಯಾಕಪ್ ಫೈಲ್) ಇಲ್ಲ. ಹಳೆಯ ಡಿಸ್ಕಿನ /ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/14/ಮೇನ್ ಪೂರ್ತಿ ಇದೆ. ಅದನ್ನು ಹೊಸ ಪೋಸ್ಟ್‌ಗ್ರೆಸ್ 16ರ 16/ಮೇನ್ ಜಾಗಕ್ಕೆ ಕಾಪಿ ಮಾಡಿದರೆ, ಡೇಟಾ 14ರದ್ದು, 16ಕ್ಕೆ ಹೊಂದುವುದಿಲ್ಲ ಎಂದು ಲಾಗ್ ಹೇಳುತ್ತದೆ. ಪಿಜಿ_ವರ್ಷನ್ ಫೈಲಿನಲ್ಲಿ 14 ಅಳಿಸಿ 16 ಬರೆದರೆ ಆಗುತ್ತದೆಯೇ?

ಉತ್ತರ
ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಆ ಫೈಲ್ ಬರೀ ಹಣೆಪಟ್ಟಿ. ಒಳಗಿನ ಸಿಸ್ಟಮ್ ಕ್ಯಾಟಲಾಗ್ (ಟೇಬಲ್‌ಗಳ ವಿವರ ಇಡುವ ಒಳಪಟ್ಟಿ) ಮೇಜರ್ ಆವೃತ್ತಿಯಿಂದ ಆವೃತ್ತಿಗೆ ಬೇರೆ. 14ರ ಡೇಟಾ ಓದಲು 14ರ ಸರ್ವರೇ ಬೇಕು. 24.04ರ ರೆಪೊದಲ್ಲಿ (ಪ್ಯಾಕೇಜ್ ಭಂಡಾರದಲ್ಲಿ) ಇರುವುದು 16 ಮಾತ್ರ, ಹಾಗಾಗಿ ಪೋಸ್ಟ್‌ಗ್ರೆಸ್‌ನವರದೇ ಆಪ್ಟ್ ರೆಪೊ ಸೇರಿಸಿ 14 ಹಾಕಿ. ಪೋಸ್ಟ್‌ಜಿಐಎಸ್‌ನಂಥ ಎಕ್ಸ್‌ಟೆನ್ಷನ್ ಬಳಸಿದ್ದರೆ ಅದರ ಪ್ಯಾಕೇಜ್ 14 ಮತ್ತು 16 ಎರಡಕ್ಕೂ ಬೇಕು.

ಹಳೆಯ ಡಿಸ್ಕ್ ರೀಡ್-ಓನ್ಲಿ ಆಗಿಯೇ ಮೌಂಟ್ ಆಗಿರಲಿ, ಕೆಲಸವೆಲ್ಲ ನಕಲಿನ ಮೇಲೆ. 14ರ ಸರ್ವಿಸ್ ನಿಲ್ಲಿಸಿ, ಅದು ಹೊಸದಾಗಿ ಮಾಡಿಕೊಂಡ ಖಾಲಿ 14/ಮೇನ್‌ಗೆ ಬೇರೆ ಹೆಸರು ಕೊಟ್ಟು, ಆ ಜಾಗಕ್ಕೆ ಹಳೆಯದನ್ನು ಆರ್‌ಸಿಂಕ್ ಮಾಡಿ. ಹೊಸ ಸಿಸ್ಟಮ್ಮಿನಲ್ಲಿ ಪೋಸ್ಟ್‌ಗ್ರೆಸ್ ಯೂಸರ್‌ನ ಐಡಿ ಸಂಖ್ಯೆ ಬೇರೆ ಇರಬಹುದು. ಆದ್ದರಿಂದ ಚೌನ್ -ಆರ್ ಮಾಡಿ ಫೈಲ್‌ಗಳ ಒಡೆತನ ಆ ಯೂಸರ್‌ಗೆ ಕೊಡಲೇಬೇಕು, ಡೈರೆಕ್ಟರಿ ಪರ್ಮಿಷನ್ 700 ಅಥವಾ 750 ಇರಬೇಕು. ಇಲ್ಲದಿದ್ದರೆ ಸರ್ವರ್ ಶುರುವಾಗುವುದಿಲ್ಲ. ಪೋಸ್ಟ್‌ಮಾಸ್ಟರ್.ಪಿಐಡಿ (ಸರ್ವರ್ ಓಡುತ್ತಿದೆ ಎಂಬ ಗುರುತಿನ ಫೈಲ್) ಉಳಿದಿದ್ದರೆ ನಕಲಿನಿಂದ ತೆಗೆಯಿರಿ. ಪಿಜಿ_ಎಚ್‌ಬಿಎ (ಯಾರು ಲಾಗಿನ್ ಆಗಬಹುದೆಂಬ ಫೈಲ್) ಮತ್ತು ಉಳಿದ ಸೆಟ್ಟಿಂಗ್ ಈ ಫೋಲ್ಡರಿನಲ್ಲಿ ಇರುವುದಿಲ್ಲ, ಅವು ಹಳೆಯ /ಇಟಿಸಿ/ಪೋಸ್ಟ್‌ಗ್ರೆಸ್‌ಕ್ಯೂಎಲ್/14 ಒಳಗೆ.

ಪ್ರಶ್ನೆ
ಹೀಗೆಯೇ ಮಾಡಿದೆ. ಈಗ ಸರಿಯಾದ ಚೆಕ್‌ಪಾಯಿಂಟ್ ರೆಕಾರ್ಡ್ ಸಿಗಲಿಲ್ಲ ಎನ್ನುತ್ತಿದೆ. ಪಿಜಿ_ರೀಸೆಟ್‌ವಾಲ್ ಓಡಿಸಲೇ?

ಉತ್ತರ
ಈಗಲೇ ಬೇಡ. ಅದು ವಾಲ್ ಲಾಗನ್ನು (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆಯನ್ನು) ಎಸೆದು ಸರ್ವರನ್ನು ಬಲವಂತವಾಗಿ ಎಬ್ಬಿಸುತ್ತದೆ. ಅರ್ಧಕ್ಕೆ ನಿಂತ ಬರಹಗಳಿಂದ ಟೇಬಲ್ ಮತ್ತು ಇಂಡೆಕ್ಸ್ ಒಂದಕ್ಕೊಂದು ತಾಳೆಯಾಗದೆ ಉಳಿಯಬಹುದು. ಮೊದಲು ಹಳೆಯ ಡಿಸ್ಕಿನಲ್ಲಿ ಆ ಲಾಗ್ ಇರುವ ಪಿಜಿ_ವಾಲ್ ನಿಜವಾದ ಫೋಲ್ಡರೋ ಸಿಮ್‌ಲಿಂಕೋ (ಬೇರೆ ಜಾಗವನ್ನು ತೋರಿಸುವ ಕೊಂಡಿಯೋ) ನೋಡಿ. ಬೇರೆ ಪಾರ್ಟಿಷನ್ನಿಗೆ ಲಿಂಕ್ ಇದ್ದರೆ ಆರ್‌ಸಿಂಕ್ ಬರೀ ಲಿಂಕನ್ನು ತಂದಿರುತ್ತದೆ. ಬೇರೆಡೆ ಇಟ್ಟ ಟೇಬಲ್‌ಗಳ ಲಿಂಕ್ ಇರುವ ಪಿಜಿ_ಟಿಬಿಎಲ್‌ಎಸ್‌ಪಿಸಿ ಒಳಗೂ ಇದೇ ತನಿಖೆ ಮಾಡಿ.

ಪ್ರಶ್ನೆ
ಲಿಂಕೇ ಆಗಿತ್ತು! ಆ ಪಾರ್ಟಿಷನ್‌ನಿಂದ ತಂದ ಮೇಲೆ 14 ಶುರುವಾಯಿತು. ಇನ್ನು 16ಕ್ಕೆ?

ಉತ್ತರ
ನೀವು ಹಿಂದೆ ಕೆಡಿಸಿದ 16/ಮೇನ್ ಕ್ಲಸ್ಟರನ್ನು (ಒಂದು ಸರ್ವರಿನ ಇಡೀ ಡೇಟಾ ಗುಂಪನ್ನು) ಪಿಜಿ_ಡ್ರಾಪ್‌ಕ್ಲಸ್ಟರ್‌ನಿಂದ ತೆಗೆಯಿರಿ. ಎಂಟರ್ ಒತ್ತುವ ಮುನ್ನ ಸಂಖ್ಯೆ 16 ಎಂದೇ ಇದೆಯೇ ಎಂದು ಎರಡು ಸಲ ನೋಡಿ. ಆಮೇಲೆ ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್, ಗುರಿ ಆವೃತ್ತಿ 16, ಮೆಥಡ್ ಡಂಪ್. ಎರಡು ಪ್ರತಿಗೆ ಆಗುವಷ್ಟು ಜಾಗ ಬೇಕು, ಸಮಯವೂ ಹೆಚ್ಚು. ಆದರೂ ಇಲ್ಲಿ ಡಂಪೇ ಸರಿ. 22.04ರ ಜಿಲಿಬ್‌ಸಿ (ಅಕ್ಷರ ವಿಂಗಡಣೆಯನ್ನೂ ನೋಡಿಕೊಳ್ಳುವ ಸಿಸ್ಟಮ್ ಲೈಬ್ರರಿ) 2.35, 24.04ರದ್ದು 2.39. ಆವೃತ್ತಿ ಬದಲಾದಾಗ ಅಕ್ಷರಗಳ ವಿಂಗಡಣೆ ಕ್ರಮವೂ ಬದಲಾಗಿದ್ದರೆ ಪಠ್ಯದ ಮೇಲಿನ ಹಳೆಯ ಇಂಡೆಕ್ಸ್ ಇರುವ ಸಾಲನ್ನೇ ಇಲ್ಲ ಎನ್ನಬಹುದು. ಡೇಟಾಬೇಸಿನ ಡೀಫಾಲ್ಟ್ ಕೊಲೇಷನ್ (ವಿಂಗಡಣೆ ಕ್ರಮ) ವಿಷಯದಲ್ಲಿ 14 ಎಚ್ಚರಿಕೆಯನ್ನೂ ಕೊಡುವುದಿಲ್ಲ, ಅದು ಬಂದದ್ದು 15ರಿಂದ. ಡಂಪ್ ದಾರಿಯಲ್ಲಿ ಇಂಡೆಕ್ಸ್‌ಗಳೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಡೇಟಾ ಫೈಲ್‌ಗಳನ್ನು ಹಾಗೆಯೇ ಒಯ್ಯುವ ಪಿಜಿ_ಅಪ್‌ಗ್ರೇಡ್ ದಾರಿ ಹಿಡಿದರೆ ರೀಇಂಡೆಕ್ಸ್ ನೀವೇ ಮಾಡಬೇಕು.

ಮುಗಿದಾಗ 14 ಬಳಸುತ್ತಿದ್ದ ಪೋರ್ಟಿಗೆ 16 ಬರುತ್ತದೆ, 14 ಬೇರೆ ಪೋರ್ಟಿಗೆ ಸರಿಯುತ್ತದೆ. ಎರಡರಲ್ಲೂ ದೊಡ್ಡ ಟೇಬಲ್‌ಗಳ ಸಾಲು ಎಣಿಸಿ ಹೋಲಿಸಿ, ಆಮೇಲೆ 14 ಅಳಿಸಿ.